ಒಂದೇ ವಾರ್ಡು, ಎರಡು ಲೆಕ್ಕ: ಮುಂಬಯಿಯ ಸಾಂಕ್ರಾಮಿಕ ರೋಗಗಳು ಮತ್ತು ವಸತಿ

(ದತ್ತಿ ಉಪನ್ಯಾಸದ ಲಿಖಿತ ರೂಪ)



ಕೊರೊನಾ ಬಂದ ಹೊಸದರಲ್ಲಿ ಒಂದು ಮಾತು ಎಲ್ಲರ ಬಾಯಲ್ಲೂ ಇತ್ತು. ಈ ರೋಗಕ್ಕೆ ಬಡವ-ಬಲ್ಲಿದ ಎಂಬ ಭೇದವಿಲ್ಲ, ಬಂಗಲೆಗೂ ನುಗ್ಗುತ್ತದೆ, ಗುಡಿಸಲಿಗೂ ನುಗ್ಗುತ್ತದೆ ಎಂಬುದು ಆ ಮಾತು. ಕೇಳುವುದಕ್ಕೆ ಹಿತವಾಗಿತ್ತು. 2020ರ ಜುಲೈಯಲ್ಲಿ ಮುಂಬಯಿಯ ಮೂರು ವಾರ್ಡುಗಳಲ್ಲಿ ರಕ್ತದ ಮಾದರಿ ತೆಗೆದು ನೋಡಿದಾಗ ಅದು ನಿಲ್ಲಲಿಲ್ಲ.

ಮಹಾನಗರ ಪಾಲಿಕೆ, ನೀತಿ ಆಯೋಗ ಮತ್ತು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಸೇರಿ ನಡೆಸಿದ ಸೀರೋ ಸರ್ವೆ ಅದು. ದಹಿಸರದ ಆರ್-ನಾರ್ತ್, ಚೆಂಬೂರಿನ ಎಂ-ವೆಸ್ಟ್, ಮಾಟುಂಗಾ ಮತ್ತು ವಡಾಲಾ ಸೇರಿದ ಎಫ್-ನಾರ್ತ್ ವಾರ್ಡುಗಳಲ್ಲಿ ಒಟ್ಟು 6,936 ಜನರ ರಕ್ತ ಪರೀಕ್ಷೆಯಾಯಿತು. ಸೋಂಕು ಬಂದು ಹೋದವರ ಮೈಯಲ್ಲಿ ಉಳಿಯುವ ಪ್ರತಿಕಾಯಗಳನ್ನು ಹುಡುಕುವುದು ಇದರ ವಿಧಾನ. ರೋಗ ಬಂದದ್ದೇ ಗೊತ್ತಾಗದವರೂ ಈ ಲೆಕ್ಕಕ್ಕೆ ಸಿಗುತ್ತಾರೆ. ಜೋಪಡಪಟ್ಟಿ, ಅಂದರೆ ಕೊಳೆಗೇರಿಗಳಲ್ಲಿ ನೂರಕ್ಕೆ 57 ಮಂದಿಗೆ ಸೋಂಕು ತಗುಲಿ ಹೋಗಿತ್ತು. ಅವೇ ವಾರ್ಡುಗಳ ಬಿಲ್ಡಿಂಗು, ಸೊಸೈಟಿಗಳಲ್ಲಿ ಆ ಸಂಖ್ಯೆ 16.

ಊರು ಒಂದು, ವೈರಾಣು ಒಂದು, ಲಾಕ್‌ಡೌನ್ ಆದೇಶವೂ ಒಂದೇ. ಹೀಗಿದ್ದೂ ರಸ್ತೆಯ ಈ ಬದಿಯಿಂದ ಆ ಬದಿಗೆ ಸೋಂಕು ಮೂರು ಪಟ್ಟಿಗೂ ಮಿಕ್ಕಿ ಬದಲಾದದ್ದು ಹೇಗೆ? ಈ ಉಪನ್ಯಾಸ ಆ ಪ್ರಶ್ನೆಯನ್ನು ಹಿಡಿದು ಮುಂಬಯಿಯ ನೂರಿಪ್ಪತ್ತೈದು ವರ್ಷಗಳನ್ನು ನೋಡುತ್ತದೆ. ಆ ಚರಿತ್ರೆ ಹೇಳುವುದು ಇಷ್ಟು: ನಗರದಲ್ಲಿ ಸೋಂಕು ಯಾರಿಗೆ ಹೆಚ್ಚು ತಗುಲಬೇಕು ಎಂಬುದನ್ನು ಬಹುಮಟ್ಟಿಗೆ ಗೋಡೆ, ಮಾಡು, ನಳ, ಗಟಾರಗಳು ನಿರ್ಧರಿಸುತ್ತವೆ. ಅವನ್ನು ನಿರ್ಧರಿಸುವುದು ಸರ್ಕಾರದ ನಿಯಮ. ಆದರೂ ರೋಗ ಬಂದಾಗಲೆಲ್ಲ ಆಡಳಿತ ಮೊದಲು ಬೆನ್ನು ಹತ್ತುವುದು ಮನುಷ್ಯರನ್ನು.

ಮಾಂಡ್ವಿಯ ಇಲಿಗಳು

1896ರ ಸೆಪ್ಟೆಂಬರ್. ಬಂದರಿನ ಪಕ್ಕದ ಮಾಂಡ್ವಿ ಎಂದರೆ ಧಾನ್ಯದ ಗೋದಾಮುಗಳು, ಅವುಗಳ ಮೇಲೂ ಸುತ್ತಲೂ ಗಾಳಿಯಾಡದ ಮನೆಗಳು. ಅಲ್ಲಿನ ರೋಗಿಗಳಲ್ಲಿ ಜ್ವರ, ಗಡ್ಡೆ ಕಂಡ ಗೋವಾ ಮೂಲದ ವೈದ್ಯ ಅಕಾಸಿಯೊ ವೀಗಸ್ ಇದು ಪ್ಲೇಗ್ ಎಂದು ಗುರುತಿಸಿದರು. ಎರಡು ವರ್ಷ ಮೊದಲು ಹಾಂಗ್‌ಕಾಂಗಿನಲ್ಲಿ ಕಾಣಿಸಿಕೊಂಡಿದ್ದ ಮಾರಿ ಹಡಗಿನ ದಾರಿಯಲ್ಲಿ ಬೊಂಬಾಯಿಗೆ ಬಂದಿತ್ತು.

ಪಾಲಿಕೆಗೆ ಆಗ ಗೊತ್ತಿದ್ದ ಮದ್ದು ತೊಳೆಯುವುದು ಮತ್ತು ಒಡೆಯುವುದು. ಸಮುದ್ರದ ನೀರಿಗೆ ಕಾರ್ಬಾಲಿಕ್ ಆಮ್ಲ ಬೆರೆಸಿ ಗಟಾರಗಳಿಗೆ ಬಿಟ್ಟರು. ಬಿಸಿಲು ಒಳಗೆ ಬೀಳಲಿ ಎಂದು ಮಾಡಿನ ಹೆಂಚು ಕೀಳಿಸಿದರು. ವಾಸಕ್ಕೆ ಯೋಗ್ಯವಲ್ಲ ಎಂದು ಕಂಡ ಮನೆಗಳ ಗೋಡೆಯ ಮೇಲೆ ಯು.ಎಚ್.ಎಚ್. ಎಂಬ ಮೂರು ಇಂಗ್ಲಿಷ್ ಅಕ್ಷರ ಬರೆಸಿದರು. ಮನೆಗೆ ನುಗ್ಗಿ ರೋಗಿಗಳನ್ನು ಹುಡುಕಿ ಆಸ್ಪತ್ರೆಗೆ ಸಾಗಿಸಿದರು. ಗಿರಣಿ ಕಾರ್ಮಿಕರ ಸಿಟ್ಟು ಉಕ್ಕಿ, ಅದೇ ಅಕ್ಟೋಬರಿನಲ್ಲಿ ಸುಮಾರು ಸಾವಿರ ಮಂದಿ ಆರ್ಥರ್ ರೋಡ್ ಆಸ್ಪತ್ರೆಯ ಮೇಲೆ ಏರಿ ಹೋದರು. 1897ರ ಆರಂಭದ ಹೊತ್ತಿಗೆ ಊರಿನ ಹೆಚ್ಚುಕಡಿಮೆ ಅರ್ಧ ಜನ ಗಂಟುಮೂಟೆ ಕಟ್ಟಿಕೊಂಡು ಹೊರಟುಹೋಗಿದ್ದರು. ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆ ಬಂತು. 2020ರ ಮಾರ್ಚ್‌ನಲ್ಲಿ ಕರ್ನಾಟಕವೂ ಸೇರಿದಂತೆ ರಾಜ್ಯಗಳು ಕೈಗೆತ್ತಿಕೊಂಡದ್ದು ಇದೇ ಕಾಯಿದೆಯನ್ನು.

ಇಲಿಯ ಚಿಗಟದಿಂದ ಪ್ಲೇಗ್ ಹರಡುತ್ತದೆ ಎಂದು ಫ್ರೆಂಚ್ ವಿಜ್ಞಾನಿ ಪಾಲ್-ಲೂಯಿ ಸಿಮೊಂಡ್ 1898ರಲ್ಲಿ ಕರಾಚಿಯಲ್ಲಿ ಪ್ರಯೋಗ ಮಾಡಿ ತೋರಿಸಿದರು. ವರ್ಷಗಟ್ಟಲೆ ಹೆಚ್ಚಿನವರು ಅದಕ್ಕೆ ಕಿವಿಗೊಡಲಿಲ್ಲ. ಕನ್ನಡ ನಾಡಿನ ಹಳ್ಳಿಗರಾದರೋ ಚಿಗಟದ ವಿಷಯ ತಿಳಿಯದಿದ್ದರೂ ‘ಇಲಿ ಬಿತ್ತು’ ಎಂದ ಕೂಡಲೇ ಮನೆಗೆ ಬೀಗ ಹಾಕಿ ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ರೋಗ ಮನೆಯಲ್ಲಿದೆ, ಮನುಷ್ಯನಲ್ಲಲ್ಲ ಎಂಬುದು ಅವರ ಅನುಭವದ ತೀರ್ಮಾನ.

ಮಂಗಳೂರು ಹೆಂಚಿನ ಸಾಕ್ಷಿ

1905ರಲ್ಲಿ ಹೊಸ ಪ್ಲೇಗ್ ಸಂಶೋಧನಾ ಆಯೋಗ ಪರೇಲಿನ ಪ್ರಯೋಗಾಲಯದಲ್ಲಿ ಕೆಲಸ ಶುರುಮಾಡಿತು. ಅದರ ಒಂದು ಪ್ರಯೋಗದಲ್ಲಿ ಕನ್ನಡಿಗರಿಗೆ ವಿಶೇಷ ಆಸಕ್ತಿ ಇರಬೇಕು. ಊರ ಮನೆಗಳ ಮಾದರಿಯಲ್ಲಿ ಆರು ಪುಟ್ಟ ಕೋಣೆಗಳನ್ನು ಕಟ್ಟಿಸಿದರು. ಎರಡಕ್ಕೆ ನಾಡಹೆಂಚಿನ ಮಾಡು, ಎರಡಕ್ಕೆ ಮಂಗಳೂರು ಹೆಂಚು, ಉಳಿದ ಎರಡಕ್ಕೆ ತಗಡು. ಮಾಡಿನ ಕೆಳಗೆ ತಂತಿಬಲೆ ಕಟ್ಟಿದರು: ಇಲಿ ಕೆಳಗಿಳಿಯಲಾರದು, ಅದರ ಮೈಮೇಲಿನ ಚಿಗಟ ಉದುರಬಹುದು. ಆಮೇಲೆ ಆ ಕೋಣೆಗಳಲ್ಲಿ ಪ್ಲೇಗ್ ತಗುಲಿದ ಗಿನಿ ಇಲಿಗಳ ಜೊತೆ ಆರೋಗ್ಯವಂತ ಗಿನಿ ಇಲಿಗಳನ್ನು ಬಿಟ್ಟರು.

ಅರ್ಧ ಕೊಳವೆಯಾಕಾರದ ನಾಡಹೆಂಚಿನ ಸಂದಿಗಳು ಇಲಿ ಸಂಸಾರ ಹೂಡಲು ಹೇಳಿ ಮಾಡಿಸಿದ ಜಾಗ. ಆ ಕೋಣೆಗಳಲ್ಲಿ ಚಿಗಟ ಹೇರಳ. ಆರೋಗ್ಯವಂತ ಪ್ರಾಣಿಗಳೂ ಪ್ಲೇಗಿಗೆ ಸಿಕ್ಕಿ ಸತ್ತವು. ಒಂದಕ್ಕೊಂದು ಕಚ್ಚಿಕೊಂಡು ಕೂರುವ ಚಪ್ಪಟೆಯ ಮಂಗಳೂರು ಹೆಂಚಿನಡಿ ಇಲಿಗೆ ನೆಲೆ ಕಡಿಮೆ; ರೋಗವೂ ಕಡಿಮೆ. ತಗಡಿನ ಕೋಣೆಗಳಲ್ಲಿ ಇಲಿಯಿಲ್ಲ, ಚಿಗಟವಿಲ್ಲ. ರೋಗದ ಪ್ರಾಣಿಯ ಪಕ್ಕದಲ್ಲೇ ಇದ್ದರೂ ಆರೋಗ್ಯವಂತ ಪ್ರಾಣಿಗೆ ಏನೂ ಆಗಲಿಲ್ಲ.

ಅದೇ ರೋಗಾಣು, ಅದೇ ಪ್ರಾಣಿ, ಬೇರೆ ಮಾಡು. ಪೊಲೀಸರು, ಸೈನಿಕರು ಮನೆ ಹೊಕ್ಕು ಜನರನ್ನು ಎಳೆದಾಡಿ ವರ್ಷಗಳಾದ ಮೇಲೆ ಸಿಕ್ಕ ಉತ್ತರ ಇದು.

ಟ್ರಸ್ಟು ಕಟ್ಟಿದ್ದು, ಟ್ರಸ್ಟು ಕೆಡವಿದ್ದು

ಸಾಕ್ಷಿ ಬರುವ ಮೊದಲೇ ಸರ್ಕಾರ ನಗರವನ್ನು ತಿದ್ದಲು ಹೊರಟಿತ್ತು. 1898ರಲ್ಲಿ ಬಾಂಬೆ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ಕಿಕ್ಕಿರಿದ ಕೇರಿಗಳನ್ನು ಸೀಳಿ ಪ್ರಿನ್ಸೆಸ್ ಸ್ಟ್ರೀಟ್, ಸ್ಯಾಂಡ್‌ಹರ್ಸ್ಟ್ ರೋಡ್ ಹಾಯಿಸಿತು. ಸಮುದ್ರದ ಗಾಳಿ ಊರೊಳಗೆ ಬರಬೇಕೆಂಬುದು ಉದ್ದೇಶ. ಉತ್ತರಕ್ಕೆ ದಾದರ್-ಮಾಟುಂಗಾದಲ್ಲಿ ಅಗಲ ರಸ್ತೆ, ಮರದ ಸಾಲು, ಉದ್ಯಾನ, ಮನೆಮನೆಯ ನಡುವೆ ಜಾಗ ಬಿಟ್ಟು ಹೊಸ ಬಡಾವಣೆ ಹಾಕಿತು. ದಕ್ಷಿಣ ಭಾರತದಿಂದ ಬಂದ ಗುಮಾಸ್ತರು, ಅಧಿಕಾರಿಗಳು, ಹೋಟೆಲಿನವರು ನೆಲೆಯೂರಿದ ಮಾಟುಂಗಾ ಅದೇ. ಮುಂಬಯಿ ಕನ್ನಡಿಗರ ಮೈಸೂರು ಅಸೋಸಿಯೇಷನ್ ಇರುವುದೂ ಅಲ್ಲಿಯೇ. ಮಾಟುಂಗಾದ ಗಾಳಿ-ಬೆಳಕು ಪ್ಲೇಗಿನ ಭಯದಿಂದ ಬಂದ ಕೊಡುಗೆ.

ಕೆಡವಿದ ಮನೆಗಳ ಬಾಡಿಗೆದಾರರು ಮಾತ್ರ ಮಾಟುಂಗಾಕ್ಕೆ ಬರಲಿಲ್ಲ. ಅವರ ಕೆಲಸ ಬಂದರಿನಲ್ಲಿ, ಗಿರಣಿಯಲ್ಲಿ; ನಡೆದು ಹೋಗುವಷ್ಟು ಹತ್ತಿರವೇ ಇರಬೇಕು. ಮೊದಲ ದಶಕದಲ್ಲಿ ಟ್ರಸ್ಟು ಬಡವರಿಗಾಗಿ ಕಟ್ಟಿದ ಖೋಲಿ, ಅಂದರೆ ಒಂಟಿ ಕೋಣೆಗಳಿಗಿಂತ ಕೆಡವಿದ್ದೇ ಹೆಚ್ಚು. ಬೀದಿಪಾಲಾದವರು ಪಕ್ಕದ ಕೇರಿಯ ಸಾಲುಕೋಣೆಯ ಚಾಳುಗಳಿಗೆ ಸೇರಿಕೊಂಡರು, ಅಲ್ಲಿ ಒತ್ತಡ ಇನ್ನಷ್ಟು ಏರಿತು. 1920ರ ದಶಕದಲ್ಲಿ ವರ್ಲಿ, ನಾಯಗಾಂವ್‌ಗಳಲ್ಲಿ ಕಾರ್ಮಿಕರಿಗೆಂದು ಸರ್ಕಾರದ ಅಭಿವೃದ್ಧಿ ಇಲಾಖೆಯ ಬಿ.ಡಿ.ಡಿ. ಚಾಳುಗಳು ಎದ್ದವು. ಒಂದು ಸಂಸಾರಕ್ಕೆ 160 ಚದರಡಿಯ ಒಂದು ಖೋಲಿ. ಶೌಚಾಲಯ ಮಹಡಿಯವರೆಲ್ಲ ಹಂಚಿಕೊಳ್ಳುವಂಥದು.

ಬೆಂಗಳೂರಿನ ಕಥೆಯೂ ಇದಕ್ಕೆ ದೂರದ್ದಲ್ಲ. 1898ರ ಆಗಸ್ಟಿನಲ್ಲಿ ಹುಬ್ಬಳ್ಳಿ ಕಡೆಯಿಂದ ರೈಲಿನ ದಾರಿ ಹಿಡಿದು ಪ್ಲೇಗ್ ಬೆಂಗಳೂರಿಗೆ ಇಳಿಯಿತು. ದಿವಾನ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ನಕ್ಷೆಯಾಗಿದ್ದ ಮಲ್ಲೇಶ್ವರ, ಬಸವನಗುಡಿಗಳಿಗೆ ಪೇಟೆಯ ಉಳ್ಳವರು ಹೋಗಿ ನೆಲೆಸಿದ್ದು ಆ ಮಾರಿಯ ದೆಸೆಯಿಂದ. ನೇರ ಕ್ರಾಸುಗಳು, ಮನೆಯ ಹಿಂದೆ ಮಲ ಹೊರುವವರು ಬಂದುಹೋಗಲು ಕನ್ಸರ್ವೆನ್ಸಿ ಓಣಿ, ಜಾತಿ-ಸಮುದಾಯಗಳಿಗೆ ಬೇರೆ ಬೇರೆ ಭಾಗ: ಆರೋಗ್ಯದ ಹೊಸ ವಿಜ್ಞಾನ ಹಳೆಯ ಅಂತರಗಳನ್ನು ಜೊತೆಗೇ ಕರೆದುಕೊಂಡು ಬಂದಿತ್ತು. ದಂಡಿನಲ್ಲಿ (ಕಂಟೋನ್ಮೆಂಟಿನಲ್ಲಿ) 1906ರ ಸುಮಾರಿಗೆ ಫ್ರೇಜರ್ ಟೌನ್ ಎದ್ದಿತು. ಮೈಸೂರಿನಲ್ಲಿ 1903ರಲ್ಲೇ ನಗರ ಸುಧಾರಣಾ ಮಂಡಳಿ ಬಂದಿತ್ತು. ಪೇಟೆಯ ಓಣಿಗಳಲ್ಲೂ ದಂಡಿನ ಬಡ ಕೇರಿಗಳಲ್ಲೂ ಉಳಿದವರು ಪ್ಲೇಗಮ್ಮನಿಗೆ ಗುಡಿ ಕಟ್ಟಿಕೊಂಡರು. ಆ ಗುಡಿಗಳು ಬೆಂಗಳೂರಿನಲ್ಲಿ ಇಂದಿಗೂ ಇವೆ.

ಗೋವಂಡಿಯ ಪಕ್ಕಾ ಮನೆಗಳು

ಈಗ ಮುಂಬಯಿಯ ಎಂ-ಈಸ್ಟ್ ವಾರ್ಡಿಗೆ ಬರೋಣ. ಗೋವಂಡಿ, ಶಿವಾಜಿನಗರ, ಬೈಂಗನ್‌ವಾಡಿ, ಮಾನ್‌ಖುರ್ದ್ ಇರುವ ವಾರ್ಡು. 1927ರಿಂದ ಊರಿನ ಕಸ ಬಂದು ಬೀಳುತ್ತಿರುವ ದೇವನಾರ್ ಡಂಪಿಂಗ್ ಗ್ರೌಂಡ್ ಇದರ ಮಗ್ಗುಲಲ್ಲೇ ಇದೆ. 2009ರ ಮುಂಬಯಿ ಮಾನವ ಅಭಿವೃದ್ಧಿ ವರದಿಯಲ್ಲಿ ಎಲ್ಲ ವಾರ್ಡುಗಳಿಗಿಂತ ಕೆಳಗಿದ್ದದ್ದು ಇದು. ಇಲ್ಲಿ ಸಾಯುವವರ ಸರಾಸರಿ ವಯಸ್ಸು ಸುಮಾರು 39 ಎಂದು ಆ ವರದಿ ಹೇಳಿತು. ಈ ಅಂಕಿಯನ್ನು ಓದುವಾಗ ಎಚ್ಚರ ಬೇಕು: ಮಕ್ಕಳು, ಹರೆಯದವರೇ ಹೆಚ್ಚಿರುವ ಕೇರಿಯಲ್ಲಿ ಸಾವಿನ ಸರಾಸರಿ ವಯಸ್ಸು ತಾನಾಗಿ ಕೆಳಗಿಳಿಯುತ್ತದೆ. ಅದನ್ನು ಕಳೆದರೂ ಉಳಿಯುವ ಕೊರತೆ ಸಣ್ಣದಲ್ಲ.

ಇಲ್ಲಿ ಜೋಪಡಿಗಳಷ್ಟೇ ಇಲ್ಲ. ರಸ್ತೆ, ರೈಲು ಯೋಜನೆಗಳಿಗೆ ಜಾಗ ಬಿಟ್ಟುಕೊಟ್ಟವರನ್ನು ತಂದು ಕೂರಿಸಿದ ಬಹುಮಹಡಿ ಕಾಲನಿಗಳೂ ಇವೆ. ನಟವರ್ ಪಾರೇಖ್ ಕಾಂಪೌಂಡ್, ಲಲ್ಲೂಭಾಯಿ ಕಾಂಪೌಂಡ್ ಅಂಥವು. ಮನೆಗೆ 225 ಚದರಡಿ. ಕಟ್ಟಡ ಕಟ್ಟಡದ ನಡುವೆ ಮೂರು ಮೀಟರಿನಷ್ಟು ಸಂದು. ಡಾಕ್ಟರ್ಸ್ ಫಾರ್ ಯೂ ಸಂಸ್ಥೆ ಮತ್ತು ಬೊಂಬಾಯಿಯ ಐಐಟಿಯ ಸಂಶೋಧಕರು ಈ ಎರಡು ಕಾಲನಿಗಳನ್ನು ಅದೇ ವಾರ್ಡಿನ, ಕಟ್ಟಡಗಳ ನಡುವೆ ಹೆಚ್ಚು ಜಾಗವಿರುವ ಪಿಎಂಜಿಪಿ ಕಾಲನಿಯೊಂದಿಗೆ ಹೋಲಿಸಿದರು. 2018ರಲ್ಲಿ ಹೊರಬಂದ ಆ ಅಧ್ಯಯನದ ಪ್ರಕಾರ ಇಕ್ಕಟ್ಟಿನ ಎರಡು ಕಾಲನಿಗಳಲ್ಲಿ ಕ್ಷಯ ಮೂರನೆಯದಕ್ಕಿಂತ ಬಹುಪಟ್ಟು ಹೆಚ್ಚು. ಕೆಳಗಿನ ಮಹಡಿಗಳಿಗೆ ಬಿಸಿಲು ಇಳಿಯುವುದೇ ಕಷ್ಟ, ಗಾಳಿಯೂ ಅಷ್ಟಕ್ಕಷ್ಟೆ.

ಕ್ಷಯದ ರೋಗಿ ಕೆಮ್ಮಿದಾಗ ಹೊರಬರುವ ಸೂಕ್ಷ್ಮ ಹನಿಗಳು ಮುಚ್ಚಿದ ಕೋಣೆಯಲ್ಲಿ ಗಂಟೆಗಟ್ಟಲೆ ತೇಲುತ್ತವೆ. ಕಿಟಕಿಯಿಂದ ಕಿಟಕಿಗೆ ಗಾಳಿ ಹಾಯ್ದರೆ ಚದುರಿ ತೆಳುವಾಗುತ್ತವೆ. ಬಿಸಿಲಿನ ಅತಿನೇರಳೆ ಕಿರಣ ಬಿದ್ದರೆ ರೋಗಾಣು ಸಾಯುತ್ತದೆ. ಮೂರು ಮೀಟರಿನ ಸಂದಿನಲ್ಲಿ ಎರಡೂ ನಡೆಯುವುದಿಲ್ಲ. ಇವು ಕದ್ದುಮುಚ್ಚಿ ಎದ್ದ ಕಟ್ಟಡಗಳಲ್ಲ. ಸಾಮಾನ್ಯ ಕಟ್ಟಡಕ್ಕೆ ಬಿಡಬೇಕಾದ ತೆರವು ಜಾಗದಲ್ಲಿ ಪುನರ್ವಸತಿ ಕಟ್ಟಡಕ್ಕೆ ರಿಯಾಯಿತಿ ಕೊಟ್ಟದ್ದು ಕಟ್ಟಡ ನಿಯಮವೇ. ಸರ್ಕಾರಿ ದಾಖಲೆಯಲ್ಲಿ ಇವು ಪಕ್ಕಾ ಮನೆ, ಕೊಳೆಗೇರಿಯಲ್ಲ. ಕೊಳೆಗೇರಿ, ಕೊಳೆಗೇರಿಯಲ್ಲದ್ದು ಎಂಬ ಎರಡೇ ಕಾಲಮ್ಮು ಹಾಕಿ ಎಣಿಸಿದರೆ ಇಲ್ಲಿಯ ಕ್ಷಯ ಮಾಟುಂಗಾದ ಬಂಗಲೆಗಳ ಕಾಲಮ್ಮಿಗೆ ಹೋಗಿ ಸೇರಿಕೊಳ್ಳುತ್ತದೆ.

ಮನೆಯೊಂದೇ ಕಾರಣ ಎಂದರೆ ಅದೂ ಅರ್ಧಸತ್ಯ. ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ಅವರ ತಂಡ ಜಾರ್ಖಂಡಿನಲ್ಲಿ ನಡೆಸಿದ ‘ರೇಷನ್ಸ್’ ಪ್ರಯೋಗದ ಫಲಿತಾಂಶ 2023ರಲ್ಲಿ ಬಂತು. ಕ್ಷಯರೋಗಿಯ ಮನೆಯವರಿಗೆ ತಿಂಗಳು ತಿಂಗಳು ಅಕ್ಕಿ, ಬೇಳೆ ಕೊಟ್ಟದ್ದರಿಂದ ಅವರಲ್ಲಿ ಹೊಸದಾಗಿ ಕ್ಷಯ ಬರುವುದು ನೂರಕ್ಕೆ 39ರಷ್ಟು ತಗ್ಗಿತು. ಹೊಟ್ಟೆ ತುಂಬಿದ ಮೈಗೆ ರೋಗಾಣುವನ್ನು ಅದುಮಿಡುವ ಶಕ್ತಿ ಇರುತ್ತದೆ. ಗೋವಂಡಿಯಲ್ಲಿ ಹವೆಯ ಕೊರತೆ, ಊಟದ ಕೊರತೆ ಎರಡೂ ಒಂದೇ ಖೋಲಿಯಲ್ಲಿ ವಾಸಿಸುತ್ತವೆ.

ಒಂದು ಕೊಡದ ನೀರು, ಒಂದು ಬಾಗಿಲಿನ ಸರದಿ

2020ಕ್ಕೆ ಹಿಂದಿರುಗೋಣ. 57 ಮತ್ತು 16ರ ನಡುವಿನ ಅಂತರಕ್ಕೆ ಸರ್ವೆ ನಡೆಸಿದವರು ಕೊಟ್ಟ ಕಾರಣಗಳಲ್ಲಿ ಜನಸಾಂದ್ರತೆ ಒಂದು, ಹಂಚಿಕೊಂಡ ಶೌಚಾಲಯ ಇನ್ನೊಂದು. 2011ರ ಜನಗಣತಿಯಂತೆ ಮುಂಬಯಿಯ ನೂರಕ್ಕೆ ಸುಮಾರು 42 ಜನ ಕೊಳೆಗೇರಿವಾಸಿಗಳು. ಅವರಿರುವ ನೆಲ ಊರಿನ ಹತ್ತನೇ ಒಂದು ಪಾಲಿನ ಆಸುಪಾಸು. ಸಾಮುದಾಯಿಕ ಶೌಚಾಲಯದಲ್ಲಿ ಒಂದು ಸೀಟಿಗೆ 35 ಗಂಡಸರು ಅಥವಾ 25 ಹೆಂಗಸರು ಎಂಬುದು ಸ್ವಚ್ಛ ಭಾರತದ ಮಾನದಂಡ. ಮುಂಬಯಿಯ ಎಷ್ಟೋ ವಸ್ತಿಗಳಲ್ಲಿ ಅದೇ ಸೀಟಿಗೆ ಇದಕ್ಕಿಂತ ಬಹಳ ಹೆಚ್ಚು ಮಂದಿ ಬೆಳಗ್ಗೆ ಸಾಲು ನಿಲ್ಲುತ್ತಾರೆ. ಮನೆಯೊಳಗೇ ಇರಿ ಎಂಬ ಆದೇಶವನ್ನು ಅವರು ಅಕ್ಷರಶಃ ಪಾಲಿಸಲು ಸಾಧ್ಯವೇ ಇರಲಿಲ್ಲ.

ಕೈ ತೊಳೆಯಿರಿ ಎಂದೂ ಹೇಳಲಾಯಿತು. ಪಾಲಿಕೆಯ ಅಳತೆಯಂತೆ ಬಿಲ್ಡಿಂಗಿನವರಿಗೆ ತಲೆಗೆ ದಿನಕ್ಕೆ 135 ಲೀಟರ್ ನೀರು, ಜೋಪಡಪಟ್ಟಿಯವರಿಗೆ 45. ಇದು ಕಾಗದದ ಮೇಲಿನ ಲೆಕ್ಕ, ಕೊಡಕ್ಕೆ ಬೀಳುವ ನೀರು ಅದಕ್ಕೂ ಕಡಿಮೆ. ಜೋಪಡಿಗಳನ್ನು ಮಾನ್ಯಮಾಡಲು ಸರ್ಕಾರ ಗೊತ್ತುಮಾಡಿದ ಕಟ್-ಆಫ್ ದಿನಾಂಕದ ನಂತರ ಬಂದು ನೆಲೆಸಿದವರಿಗೆ ಅಧಿಕೃತ ನಳವನ್ನೇ ನಿರಾಕರಿಸಲಾಗುತ್ತಿತ್ತು. ನೀರಿನ ಹಕ್ಕಿಗಾಗಿ ಹೋರಾಡುವ ಪಾನಿ ಹಕ್ ಸಮಿತಿ ಕೋರ್ಟಿನ ಮೆಟ್ಟಿಲೇರಿದ ಮೇಲೆ, 2014ರ ಡಿಸೆಂಬರಿನಲ್ಲಿ ಬೊಂಬಾಯಿ ಹೈಕೋರ್ಟು ನೀರು ಬದುಕುವ ಹಕ್ಕಿನ ಭಾಗ, ಮನೆ ಅನಧಿಕೃತವಾದರೂ ನೀರು ಕೊಡಬೇಕು ಎಂದಿತು.

ಧಾರಾವಿಯಲ್ಲಿ ಆಡಳಿತ ಬೇಗ ಪಾಠ ಕಲಿಯಿತು. 2020ರ ಏಪ್ರಿಲ್ 1ರಂದು ಮೊದಲ ಪ್ರಕರಣ ಕಂಡಿತು. ಹತ್ತಡಿ ಖೋಲಿಯಲ್ಲಿ ಹೋಮ್ ಕ್ವಾರಂಟೈನ್ ಎಂಬುದು ಆಗದ ಮಾತು ಎಂದು ವಾರ್ಡಿನ ಅಧಿಕಾರಿಗಳು ಒಪ್ಪಿಕೊಂಡು ಶಾಲೆ, ಕ್ರೀಡಾಂಗಣಗಳನ್ನು ಆರೈಕೆ ಕೇಂದ್ರ ಮಾಡಿದರು. ಸಾಮುದಾಯಿಕ ಶೌಚಾಲಯಗಳನ್ನು ದಿನಕ್ಕೆ ಹಲವು ಬಾರಿ ತೊಳೆಸಿದರು. ಕೇರಿಯಲ್ಲೇ ಕ್ಲಿನಿಕ್ ನಡೆಸುತ್ತಿದ್ದ ಡಾಕ್ಟರುಗಳನ್ನು ಜ್ವರ ಪತ್ತೆಗೆ ಜೊತೆಗೆ ಸೇರಿಸಿಕೊಂಡರು. ಜುಲೈಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯಸ್ಥರು ಧಾರಾವಿಯ ಹೆಸರೆತ್ತಿ ಹೊಗಳಿದರು. ಡಿಸೆಂಬರ್ 25ರಂದು ಅಲ್ಲಿ ಒಂದೂ ಹೊಸ ಪ್ರಕರಣ ಇರಲಿಲ್ಲ. 1896ರಲ್ಲಿ ಮನೆ ಹೊಕ್ಕವರಿಗೆ ಇದರ ಅರ್ಧದಷ್ಟು ವಿವೇಕ ಇದ್ದಿದ್ದರೂ ಆರ್ಥರ್ ರೋಡಿನ ಗಲಭೆ ಆಗುತ್ತಿರಲಿಲ್ಲ.

ಅಂಕಿಗಳು ಮುಂದೆ ಇನ್ನೊಂದು ತಿರುವು ಪಡೆದವು. ಮೊದಲ ಸರ್ವೆಯ ಲೆಕ್ಕದಂತೆ ಸೋಂಕಿತರಲ್ಲಿ ಸಾವು ಜೋಪಡಪಟ್ಟಿಗಳಲ್ಲಿ ಸಾವಿರಕ್ಕೆ ಒಂದಕ್ಕೂ ಕಡಿಮೆ, ಹೊರಗೆ ಸಾವಿರಕ್ಕೆ ಎರಡೂವರೆಯ ಸುಮಾರು. ವಸ್ತಿಗಳಲ್ಲಿ ಹರೆಯದವರು ಹೆಚ್ಚು ಎಂಬುದು ಒಂದು ಕಾರಣ; ಅಲ್ಲಿಯ ಎಲ್ಲ ಸಾವುಗಳೂ ಕೊರೊನಾ ಖಾತೆಗೆ ಬಂದಿರಲಾರವು ಎಂಬುದು ಇನ್ನೊಂದು. 2021ರ ಎರಡನೇ ಅಲೆಯಲ್ಲಿ ಹೊಸ ಪ್ರಕರಣಗಳಲ್ಲಿ ನೂರಕ್ಕೆ 90 ಬಿಲ್ಡಿಂಗುಗಳವು ಎಂದು ಪಾಲಿಕೆ ಹೇಳಿತು. ಹಿಂದಿನ ವರ್ಷ ಪಾರಾದವರಿಗೆ ಈಗ ಸರದಿ ಬಂದಿತ್ತು. ಪರೀಕ್ಷೆ ಮಾಡಿಸಿಕೊಳ್ಳುವ ಅನುಕೂಲವೂ ಅವರಿಗೇ ಹೆಚ್ಚು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಹೊರಬಂದ ಐದನೇ ಸೀರೋ ಸರ್ವೆಯಲ್ಲಿ ಕೊಳೆಗೇರಿ 87, ಹೊರಗೆ 86: ಅಂತರ ಇಲ್ಲವೆನ್ನುವಷ್ಟು. ಆದರೆ ಆ ಹೊತ್ತಿಗೆ ಲಸಿಕೆ ಬಂದಿತ್ತು. ಬಿಲ್ಡಿಂಗಿನವರಲ್ಲಿ ಅನೇಕರಿಗೆ ಪ್ರತಿಕಾಯ ಬಂದದ್ದು ಸೂಜಿಯಿಂದ. ಜೋಪಡಪಟ್ಟಿಯ ಅನೇಕರಿಗೆ ಅದು ರೋಗದಿಂದಲೇ, ಒಂದು ವರ್ಷ ಮೊದಲೇ ಬಂದಿತ್ತು.

ಎಲ್ಲ ರೋಗಕ್ಕೂ ಒಂದೇ ದಾರಿಯಲ್ಲ

ಡೆಂಗಿ ಹರಡುವ ಸೊಳ್ಳೆ ನಿಂತ ಶುದ್ಧ ನೀರಿನಲ್ಲಿ ಮೊಟ್ಟೆಯಿಡುತ್ತದೆ. ಹೂಕುಂಡದ ತಟ್ಟೆ, ಎಸಿಯ ನೀರು, ಕಟ್ಟುತ್ತಿರುವ ಅಪಾರ್ಟ್‌ಮೆಂಟಿನ ತೊಟ್ಟಿ ಅದಕ್ಕೆ ಸಾಕು. ಬೆಂಗಳೂರಿನಲ್ಲಿ ಮಹದೇವಪುರದಂಥ ಐಟಿ ಬಡಾವಣೆಗಳೂ ಡೆಂಗಿ ಪಟ್ಟಿಯಲ್ಲಿ ಮುಂದಿರುವುದು ಅದಕ್ಕೇ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಸುರಿದ ನಂತರ ಹಬ್ಬಿದ ಇಲಿಜ್ವರಕ್ಕೆ ದಾರಿಯಾದದ್ದು ನಿಂತ ನೀರು, ಅದರಲ್ಲಿ ನಡೆದೇ ಹೋಗಬೇಕಾದವರ ಕಾಲುಗಳು.

2022ರ ಅಕ್ಟೋಬರಿನಲ್ಲಿ ಗೋವಂಡಿಯಲ್ಲಿ ದಡಾರ ಎದ್ದು ಮಕ್ಕಳು ಸತ್ತರು. ದಡಾರಕ್ಕೆ ದಶಕಗಳಿಂದ ಲಸಿಕೆ ಇದೆ. ಕೊರೊನಾ ಕಾಲದಲ್ಲಿ ತಪ್ಪಿಹೋದ ಡೋಸುಗಳನ್ನು ಬಿಲ್ಡಿಂಗಿನ ಮಕ್ಕಳಿಗೆ ತಂದೆತಾಯಿ ಹಾಕಿಸಿದರು. ದಿನಗೂಲಿಗೆ ಹೋಗುವ ತಾಯಿಗೆ ಲಸಿಕೆಯ ದಿನ ಎಂದರೆ ಕೂಲಿ ತಪ್ಪುವ ದಿನ. ಊರಿಗೂ ಮುಂಬಯಿಗೂ ಓಡಾಡುವ ಸಂಸಾರದ ಮಗುವಿನ ಕಾರ್ಡು ಯಾವ ಕೇಂದ್ರದ ಪುಸ್ತಕದಲ್ಲೂ ನಿಲ್ಲುವುದಿಲ್ಲ. ಇಕ್ಕಟ್ಟಿನಲ್ಲಿ ದಡಾರ ಹಬ್ಬಿತು ನಿಜ, ಆದರೆ ಅದನ್ನು ಒಳಗೆ ಬಿಟ್ಟದ್ದು ತಪ್ಪಿದ ಲಸಿಕೆ. ರೋಗಕ್ಕೊಂದು ದಾರಿ ಇರುವಾಗ ತಡೆಯೂ ಆ ದಾರಿಯಲ್ಲೇ ಕಟ್ಟಬೇಕಾಗುತ್ತದೆ: ಚಿಗಟಕ್ಕೆ ಮಾಡು, ಕ್ಷಯಕ್ಕೆ ಕಿಟಕಿ ಮತ್ತು ಪಡಿತರ, ದಡಾರಕ್ಕೆ ಸಂಜೆಯೂ ತೆರೆದಿರುವ ಲಸಿಕೆ ಕೇಂದ್ರ.

ಮುಂದೆ ಆಗಬೇಕಾದದ್ದು

ಇಷ್ಟರಿಂದ ಮೂರು ಕೆಲಸಗಳು ಹೊರಡುತ್ತವೆ. ಪುನರ್ವಸತಿ ಕಟ್ಟಡಗಳಿಗೆ ಗಾಳಿ-ಬೆಳಕಿನಲ್ಲಿ ಕೊಡುವ ರಿಯಾಯಿತಿ ನಿಲ್ಲಬೇಕು. ಬಡವರ ಪುಪ್ಪುಸಕ್ಕೆ ಬೇರೆ ಕಟ್ಟಡ ನಿಯಮ ಇರುವುದಕ್ಕೆ ಯಾವ ವೈದ್ಯಶಾಸ್ತ್ರದಲ್ಲೂ ಆಧಾರವಿಲ್ಲ. ನೀರಿನ ಅಳತೆ ವಿಳಾಸ ನೋಡದೆ ತಲೆಗೆ ಒಂದೇ ಆಗಬೇಕು. ಕ್ಷಯ, ದಡಾರ, ಡೆಂಗಿ, ಹೊಟ್ಟೆಬೇನೆಗಳ ಲೆಕ್ಕ ಇಡೀ ನಗರಕ್ಕೆ ಒಂದೇ ಸಂಖ್ಯೆಯಾಗಿ ಬರದೆ ವಾರ್ಡುವಾರು, ವಸತಿಯ ಬಗೆವಾರು ಪ್ರತಿವರ್ಷ ಜನರ ಭಾಷೆಯಲ್ಲಿ ಅಚ್ಚಾಗಬೇಕು. ಮುಂಬಯಿಯ 57, 16 ಎಂಬ ಆ ಎರಡು ಸಂಖ್ಯೆಗಳನ್ನು ಕೂಡಿಸಿ ಒಂದೇ ಸರಾಸರಿ ಕೊಟ್ಟಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ.

ಮುಂಬಯಿಯ ಈ ಪಾಠ ಬೆಂಗಳೂರಿಗೂ ಸಲ್ಲುತ್ತದೆ. ಅದು 2025ರಲ್ಲಿ ಐದು ಪಾಲಿಕೆಗಳಾಗಿ ಒಡೆಯಿತು. ಹೊಸ ಕಚೇರಿ, ಹೊಸ ಗಡಿ, ಹೊಸ ವಾರ್ಡುಗಳು ಬಂದಿರುವಾಗ ಇಂಥ ಲೆಕ್ಕ ಶುರುಮಾಡಲು ಇದು ಸರಿಯಾದ ಹೊತ್ತು. ಸಭಿಕರಲ್ಲೂ ಇದನ್ನು ಓದುವವರಲ್ಲೂ ಒಂದು ಕೋರಿಕೆ: ವಾರ್ಡಿನ ಮತ ಕೇಳಲು ಬಾಗಿಲಿಗೆ ಬರುವವರನ್ನು ರಸ್ತೆಗುಂಡಿಯ ಜೊತೆಗೆ ಇನ್ನೂ ಮೂರು ಪ್ರಶ್ನೆ ಕೇಳಿ. ಈ ವಾರ್ಡಿನಲ್ಲಿ ಕಳೆದ ವರ್ಷ ಎಷ್ಟು ಮಂದಿಗೆ ಕ್ಷಯ ಬಂತು, ಯಾವ ಬೀದಿಗಳಲ್ಲಿ? ಸಾಮುದಾಯಿಕ ಶೌಚಾಲಯದ ಒಂದು ಸೀಟಿಗೆ ಎಷ್ಟು ಜನ? ಲಸಿಕೆ ತಪ್ಪಿದ ಮಕ್ಕಳು ಎಷ್ಟು? ಉತ್ತರ ಗೊತ್ತಿಲ್ಲ ಎಂದರೆ ತಿಳಿದುಕೊಂಡು ಬರಲು ಹೇಳಿ.